ಒಂದು ಚಕ್ರ, ನೂರು ಬಾಟಲಿ

ಅಬ್ಬಾಸಿಯಾ, ಕುವೈತ್
6 ಡಿಸೆಂಬರ್ 2024, ಶುಕ್ರವಾರ

ಮಾನ್ಯ ಫಿರ್ಯಾದಿದಾರರಾದ ಶ್ರೀ ಮೈಕಲ್ ರೆಬೆಲ್ಲೊ ಅವರ ಸನ್ನಿಧಿಗೆ,

ಶ್ಯಾಮಸುಂದರ್ ಎಂಬ ಹೆಸರಿನ, ಮೈಸೂರು ಮೂಲದ, ನಲವತ್ತಾರು ವರ್ಷ ಪ್ರಾಯದ, ಮಿರ್ಕಾಬಿನ ಕಚೇರಿಯೊಂದರಲ್ಲಿ ಏಸಿ ಕೊಳವೆಗಳ ನಕ್ಷೆ ಬರೆದು ಹೊಟ್ಟೆ ಹೊರೆಯುವ ನಾನು, ಸ್ವಸ್ಥಚಿತ್ತದಿಂದ, ಎಡಗೈಯಲ್ಲಿ ಚಹಾ ಲೋಟ ಹಿಡಿದು ಒಪ್ಪಿಕೊಳ್ಳುವುದೇನೆಂದರೆ: ಸೆಪ್ಟೆಂಬರ್ ಇಪ್ಪತ್ತರಂದು ಅರ್ದಿಯಾದ ಕಾರ್ಗೋ ಗೋದಾಮಿನಲ್ಲಿ ನಿಮ್ಮ ಪೆಟ್ಟಿಗೆ ಬಿಚ್ಚಿ, ನಿಮ್ಮ ಒಂಟಿಚಕ್ರದ ಸೈಕಲ್ಲನ್ನು ಕದ್ದವನು ನಾನೇ.

ತೂಕದಲ್ಲಿ ಮೋಸ ಮಾಡಿಲ್ಲ. ಸೈಕಲ್ ತೆಗೆದಾಗ ಪೆಟ್ಟಿಗೆ ಎಷ್ಟು ಹಗುರವಾಯಿತೋ ಅಷ್ಟೇ ತೂಕಕ್ಕೆ ಟ್ಯಾಂಗ್ ಡಬ್ಬಿ ಆರು, ಹಾಲಿನ ಪುಡಿ ಎರಡು, ಬಟ್ಟೆ ಒಗೆಯುವ ಪುಡಿ ಒಂದು ಮೂಟೆ ತುಂಬಿಸಿದೆ. ಗೋದಾಮಿನವನು ತಕ್ಕಡಿ ನೋಡಿ "ತಮಾಮ್", ಎಲ್ಲ ಸರಿ, ಎಂದ. ಮಾಡಿದ್ದು ಕಳವು, ಮಿಕ್ಕದ್ದು ಕಳವಳ.

ನೀವು ಕಿನ್ನಿಗೋಳಿಯಲ್ಲಿ ಪೆಟ್ಟಿಗೆ ಬಿಚ್ಚಿ ಫೋನ್ ಮಾಡಿದಾಗ, "ಕಾರ್ಗೋದವರನ್ನೇ ಕೇಳಬೇಕು, ಮೈಕಲಣ್ಣ, ಇವರಿಗೆಲ್ಲ ನಂಬಿಕೆ ಎಲ್ಲಿದೆ" ಎಂದದ್ದೂ ನಾನೇ. ಆಮೇಲೆ ಎದುರು ಫ್ಲ್ಯಾಟಿನ ಫ್ರೀಡಾ ಆಂಟಿ, ನಾನು ಶಾಲೆಯ ಮೈದಾನದಲ್ಲಿ ಆ ಸೈಕಲ್ಲಿನಿಂದ ಬೀಳುತ್ತಿರುವ ವಿಡಿಯೋವನ್ನು ಕನ್ನಡಿಗರ ಅಸೋಸಿಯೇಶನ್ನಿನ ವಾಟ್ಸಾಪ್ ಗ್ರೂಪಿಗೆ ಹಾಕಿದರು. ನೂರ ಎಂಬತ್ತು ಜನ ನಕ್ಕರು, ಒಬ್ಬರು ನನ್ನನ್ನು ಬ್ಲಾಕ್ ಮಾಡಿದರು. ಹನ್ನೊಂದು ವರ್ಷ ಒಂದೇ ಫ್ಲ್ಯಾಟಿನಲ್ಲಿದ್ದೆವು. ಒಂದು ಕೋಣೆ ನಿಮ್ಮದು, ಮರೀನಕ್ಕನದು, ಇನ್ನೊಂದು ಕೋಣೆ ನನ್ನದು, ಕುಕ್ಕರು ಮೂವರದು. ಈಗ ನಿಮಗೊಂದು ಮಾತು ಹೇಳಲು ಕಾಗದ ಬರೆದು, ಕ್ರಿಸ್‌ಮಸ್ಸಿಗೆ ಊರಿಗೆ ಹೊರಟ ಅದೇ ಫ್ರೀಡಾ ಆಂಟಿಯ ಕೈಗೆ ಕೊಡಬೇಕಾಗಿದೆ. ಸಾಕ್ಷಿಯೇ ಅಂಚೆಯವಳಾದ ಮೊಕದ್ದಮೆ ಇದು.

ಕದ್ದ ಕಾರಣ ಕೇಳಿ. ಸಾಲ್ಮಿ ಗಡಿಯಿಂದ ವಫ್ರಾ ತೋಟಗಳವರೆಗೆ ಇನ್ನೂರು ಕಿಲೋಮೀಟರ್ ಒಂಟಿಚಕ್ರ ತುಳಿದು, ನೂರು ಜನರಿಂದ ರಕ್ತದಾನ ಮಾಡಿಸುತ್ತೇನೆಂದು ನೀವು ಹತ್ತು ವರ್ಷ ಹೇಳಿದಿರಿ. ಕಂಪನಿ ಮುಚ್ಚಿತು, ಇಲ್ಲಿರಲು ಬೇಕಾದ ಇಕಾಮಾ ರದ್ದಾಯಿತು, ಖಲಾಸ್, ಒಂದು ತಿಂಗಳಲ್ಲಿ ನೀವು ಊರಿನಲ್ಲಿ. ಹೊರಡುವ ದಿನ ಆ ಸೈಕಲ್ಲಿಗೆ ಎಣ್ಣೆ ಹಾಕಿ ಪೆಟ್ಟಿಗೆಯಲ್ಲಿ ಮಲಗಿಸಿದಿರಿ. ಮಲಗಿದ್ದನ್ನು ನಾನು ಎಬ್ಬಿಸಿದೆ. ಅನುಮತಿ ಪತ್ರ ಸಿಕ್ಕಿದೆ, ರಸ್ತೆಯ ಅಂಚಿನ ಪಟ್ಟಿಯಲ್ಲಷ್ಟೇ ಓಡಿಸಬೇಕಂತೆ. ಜನವರಿಯಿಂದ ನಾಲ್ಕು ಶುಕ್ರವಾರ. ಕರಪತ್ರವೂ ನಾಲ್ಕು ಭಾಷೆಯಲ್ಲಿ ಆಗಿದೆ: "ಒಂದು ಚಕ್ರ, ನೂರು ಬಾಟಲಿ".

ಇನ್ನು ಮುಂದೆ ನನ್ನನ್ನು ಏಕಚಕ್ರಾಧಿಪತಿ ಎಂದು ಕರೆಯಬಹುದು. ಬೇಡವೆಂದರೆ, ಅನ್‌ಬ್ಲಾಕ್ ಮಾಡಿ ಬಯ್ಯಬಹುದು.

ಆರೋಪಿ,
ಶ್ಯಾಮಸುಂದರ್


ಕಿನ್ನಿಗೋಳಿ
16 ಡಿಸೆಂಬರ್ 2024

ಶ್ಯಾಮ,

ನಿನ್ನ ಕಾಗದ ಫ್ರೀಡಾ ಕೊಟ್ಟಳು. ನಿನ್ನ ತಮಾಷೆ ಓದಿ ನಗು ಬರಲಿಲ್ಲ. ನೀನು ಕೋರ್ಟಿನ ಭಾಷೆಯಲ್ಲಿ ಬರೆದ ಕೂಡಲೇ ಕಳ್ಳತನ ನಾಟಕ ಆಗುವುದಿಲ್ಲ.

ನಿನಗೆ ಒಂದು ವಿಷಯ ಗೊತ್ತುಂಟು, ಗೊತ್ತಿದ್ದೂ ಮರೆತ ಹಾಗೆ ಮಾಡುತ್ತೀ. ಅದು ಸವಾರಿ ಅಲ್ಲ, ಹರಕೆ. 2015ರ ಫೆಬ್ರವರಿ 24ಕ್ಕೆ ಮರೀನಾಳ ಆಪರೇಷನ್. ಒಂಬತ್ತು ಬಾಟಲಿ ರಕ್ತಕ್ಕೆ ಜನ ಬೇಕು ಅಂದರು. ನಾನು ಬಸ್ ಸ್ಟಾಪಿನಲ್ಲಿ, ಬಕಾಲಾ ಅಂಗಡಿಗಳ ಮುಂದೆ ನಿಂತು ಕೈ ಮುಗಿದೆ. ಎಂಟು ಜನ ಬಂದರು, ಒಬ್ಬನ ಹೆಸರೂ ನನಗೆ ಗೊತ್ತಿಲ್ಲ. ಒಂಬತ್ತನೆಯವನು ನೀನು. ಅವತ್ತು ಸಂತ ಅಂತೋನಿಯವರ ಮುಂದೆ ಹೇಳಿಕೊಂಡೆ: ಇವಳು ಎದ್ದು ಮನೆಗೆ ಬಂದರೆ, ನಾನು ಈ ದೇಶ ಬಿಡುವ ಮೊದಲು ನೂರು ಜನರನ್ನು ಆ ಮಂಚದ ಮೇಲೆ ಮಲಗಿಸುತ್ತೇನೆ, ನನ್ನ ಕಾಲಿನ ಬೆವರಿನಿಂದ. ಕುವೈತಿನಲ್ಲಿ ದುಡ್ಡು ಎತ್ತಲು ಸರಕಾರದ ಅನುಮತಿ ಬೇಕು, ರಕ್ತ ಕೇಳಲು ಬೇಡ ಅಂತ ಹೇಳಿಕೊಟ್ಟದ್ದೂ ನಾನೇ, ನೆನಪುಂಟಾ?

ಅವಳು ಎದ್ದಳು. ನಾನು ದೇಶ ಬಿಟ್ಟೆ. ಹರಕೆ ಅಲ್ಲೇ ಬಿತ್ತು. ಅದು ನನಗೂ ದೇವರಿಗೂ ಇದ್ದ ವಿಷಯ. ನಿನ್ನನ್ನು ಯಾರು ಕರೆದರು? ನನ್ನ ಹಸಿವೆಗೆ ನೀನು ಉಣ್ಣಲು ಆಗುತ್ತದಾ?

ನೀನು ಆ ಸೈಕಲ್ಲಿನಲ್ಲಿ ಐವತ್ತು ಮೀಟರ್ ಹೋಗುವಾಗ ನಾನು ಟೆರೇಸಿನಲ್ಲಿ ನಿನ್ನ ಕೈ ಹಿಡಿದಿದ್ದೆ. ಆ ಕೈಯಿಂದಲೇ ಪೆಟ್ಟಿಗೆ ಬಿಚ್ಚಿದೆಯಲ್ಲ.

ಫ್ರೀಡಾ ಜನವರಿಗೆ ವಾಪಸ್ ಬರುತ್ತಾಳೆ. ಅವಳ ಮೂಲಕ ಉತ್ತರ ಬೇಡ, ಕಾರ್ಗೋ ರಸೀದಿ ಬೇಕು. ಸೈಕಲ್ ಕಳಿಸು.

ಈ ವರ್ಷ ನಿನಗೆ ಕ್ರಿಸ್‌ಮಸ್ ತಿಂಡಿಯ ಕುಸ್ವಾರ್ ಡಬ್ಬಿ ಇಲ್ಲ. ಒಂಬತ್ತು ಕ್ರಿಸ್‌ಮಸ್ ಮರೀನಾ ಅದರ ಮೇಲೆ "ನನ್ನ ರಕ್ತದ ತಮ್ಮನಿಗೆ" ಅಂತ ಬರೆದು ಕಟ್ಟಿದಳು. ಈ ಸಲ ನಾನೇ ಬೇಡ ಅಂದೆ. ನಿನ್ನ ಕಾಗದವನ್ನು ಹರಿದು ಬಿಸಾಡದೆ ಇರುವುದೂ ಆ ಒಂದು ಬಾಟಲಿಯ ಮುಖ ನೋಡಿ.

ಮೈಕಲ್


ಅಬ್ಬಾಸಿಯಾ
11 ಜನವರಿ 2025, ಶನಿವಾರ

ಮೈಕಲಣ್ಣನವರಿಗೆ,

ರಸೀದಿ ಕಳಿಸುತ್ತಿಲ್ಲ. ಎರಡು ಶುಕ್ರವಾರ ಮುಗಿದಿವೆ, ಸಾಲ್ಮಿಯಿಂದ ಜಹ್ರಾ ತಲುಪಿದ್ದೇನೆ. ಜಬ್ರಿಯಾದ ರಕ್ತನಿಧಿಯಲ್ಲಿ ನಮ್ಮ ಕರಪತ್ರ ತೋರಿಸಿ ಈವರೆಗೆ ಇಪ್ಪತ್ತೆಂಟು ಜನ ಕೊಟ್ಟಿದ್ದಾರೆ, ಪಟ್ಟಿ ಫ್ರೀಡಾ ಆಂಟಿಯ ಬಳಿ. ಬಯ್ಯುವುದಿದ್ದರೆ ಇಪ್ಪತ್ತೆಂಟು ಜನರನ್ನೂ ಸೇರಿಸಿ ಬಯ್ಯಿರಿ.

ಆದರೆ ಒಂದು ವಿಷಯದಲ್ಲಿ ನೀವು ಸುಳ್ಳುಗಾರರು. "ಆ ರಸ್ತೆಯ ಜನ ಒಳ್ಳೆಯವರು, ಶ್ಯಾಮ" ಎಂದು ಹತ್ತು ವರ್ಷ ಹೇಳಿದಿರಿ. ನನಗೆ ಸಿಕ್ಕವರ ವರದಿ ಒಪ್ಪಿಸುತ್ತೇನೆ.

ಮೊದಲನೆಯ ಶುಕ್ರವಾರ ಪೊಲೀಸ್ ಗಾಡಿ ತಡೆಯಿತು. ಅಧಿಕಾರಿ ಇಳಿದು ಸೈಕಲ್ಲನ್ನು ಮೂರು ಸುತ್ತು ಹಾಕಿ, "ಇನ್ನೊಂದು ಚಕ್ರ ಎಲ್ಲಿ?" ಎಂದ.

"ಇರುವುದೇ ಇಷ್ಟು, ಸಾರ್."

"ಯಾರು ಕದ್ದರು?"

ಇಡೀ ಸೈಕಲ್ಲನ್ನೇ ಕದ್ದವನಿಗೆ ಈ ಪ್ರಶ್ನೆ ಎಷ್ಟು ಚುಚ್ಚಬಹುದು, ನೀವೇ ಹೇಳಿ. ಅನುಮತಿ ಪತ್ರ ಓದಿದ, ತಲೆ ಅಲ್ಲಾಡಿಸಿದ, ತನ್ನ ನೀರಿನ ಬಾಟಲಿಯನ್ನು ನನ್ನ ಎದೆಗೆ ಗುದ್ದುವ ಹಾಗೆ ಕೊಟ್ಟು, "ಯಲ್ಲಾ, ಹೋಗು" ಎಂದು ಗದರಿದ.

ಎರಡನೆಯ ಶುಕ್ರವಾರ, ಅಂದರೆ ನಿನ್ನೆ, ನಡೆದದ್ದು ಅದಕ್ಕಿಂತ ಹೀನ. ಮಣ್ಣಿನ ಗಾಳಿ ಎದ್ದಿತ್ತು. ನನ್ನನ್ನು ಬಿಡಲು ಬಂದಿದ್ದ ಆಫೀಸಿನ ಗುರುಕಿರಣ್ ಕಾರಿನಲ್ಲಿ ಮುಂದೆ ಹೋಗಿ ಜಹ್ರಾದಲ್ಲಿ ಗಾಜು ಏರಿಸಿ ನಿದ್ದೆ ಹೊಡೆಯುತ್ತಿದ್ದ. ನನ್ನ ಹಿಂದೆ ಒಂದು ಟ್ರೇಲರ್ ಬಂತು. ದಾಟಿ ಹೋಗಬೇಕಲ್ಲವೆ? ಇಲ್ಲ. ಹದಿನಾಲ್ಕು ಕಿಲೋಮೀಟರ್, ನನ್ನದೇ ವೇಗದಲ್ಲಿ, ದೀಪ ಉರಿಸಿಕೊಂಡು, ಹಾರ್ನ್ ಒತ್ತಿಕೊಂಡು ಹಿಂದೆಯೇ ಬಂದ. ಬೆಕ್ಕು ಇಲಿಯನ್ನು ಆಟ ಆಡಿಸುವುದನ್ನು ನೋಡಿದ್ದೆ, ಇಲಿಯಾಗಿ ನೋಡಿರಲಿಲ್ಲ. ಜಹ್ರಾ ತಿರುವಿನಲ್ಲಿ ನಾನು ಇಳಿದೆ, ಅವನೂ ಇಳಿದ. ಆರಡಿ ಮೇಲೆ ಮೂರು ಇಂಚು, ಪೇಶಾವರದವನು, ಕೆಂಪು ಗಡ್ಡ.

"ಪಾಗಲ್, ಮರನಾ ಹೈ ತೋ ಘರ್ ಜಾಕೆ ಮರ್" ಎಂದ. ಸಾಯುವುದಿದ್ದರೆ ಮನೆಗೆ ಹೋಗಿ ಸಾಯಬೇಕಂತೆ. ಕಾಲು ಗಂಟೆ ಬಯ್ದ. ನನಗೂ ಸಿಟ್ಟು ಬಂತು. ಜೇಬಿನಲ್ಲಿದ್ದ ಕರಪತ್ರ ಉಂಡೆ ಮಾಡಿ ಅವನ ಎದೆಗೆ ಎಸೆದೆ. ಅವನು ಅದನ್ನು ಎತ್ತಿ, ಬಿಡಿಸಿ, ತೊಡೆಯ ಮೇಲೆ ಇಸ್ತ್ರಿ ಮಾಡಿ, ಗಾಡಿಯ ಗಾಜಿನ ಮೇಲಿನ ಪಟ್ಟಿಗೆ ಸಿಕ್ಕಿಸಿಕೊಂಡು ಹೋದ. ಪೊಲೀಸರಿಗೆ ದೂರು ಕೊಡಲು ಇರಬೇಕು.

ಇಷ್ಟೆಲ್ಲ ಆದರೂ ನನ್ನ ಮೈಯಿಂದ ಒಂದು ತೊಟ್ಟು ರಕ್ತ ಹೊರಗೆ ಬಂದಿಲ್ಲ ಎಂದು ಹೆಮ್ಮೆಯಿಂದ ತಿಳಿಸುತ್ತೇನೆ. ಅಲ್ಲದೆ, ಹರಕೆಯಲ್ಲಿ ಕೈ ಹಾಕಲು ನಾನು ಯಾರು ಎಂದು ಕೇಳಿದಿರಿ. ನಾನು ಒಂಬತ್ತನೆಯ ಬಾಟಲಿ, ಸ್ವಾಮಿ. ಆ ಮನೆಯಲ್ಲಿ ನನಗೂ ಪಾಲಿದೆ.

ಡಬ್ಬಿ ಬರದ ಕ್ರಿಸ್‌ಮಸ್ಸಿನಲ್ಲಿ ಬೇಕರಿಯಿಂದ ಕೇಕ್ ತಂದು ತಿಂದೆ. ಥರ್ಮೋಕೋಲಿಗೆ ಸಕ್ಕರೆ ಹಾಕಿದ್ದರು.

ಏಕಚಕ್ರಾಧಿಪತಿ


ಕಿನ್ನಿಗೋಳಿ
20 ಜನವರಿ 2025

ಶ್ಯಾಮ,

ಊರಿಗೆ ಬಂದವರ ಕೈಯಲ್ಲಿ ನೀನು ಕಳಿಸಿದ ಕಾಗದ ಓದಿ ರಾತ್ರಿ ಊಟ ಸೇರಲಿಲ್ಲ. ನೀನು ಸಾಯದೆ ಇದ್ದದ್ದು ನಿನ್ನ ಬುದ್ಧಿಯಿಂದ ಅಲ್ಲ.

ಸರಿಯಾಗಿ ಕೇಳು. ಸಾಲ್ಮಿ ರಸ್ತೆಯಲ್ಲಿ ಮಣ್ಣು ಎದ್ದರೆ ಟ್ರೇಲರಿನವನಿಗೆ ತನ್ನ ಬಾನೆಟ್ಟಿನ ಆಚೆ ಕಾಣುವುದಿಲ್ಲ. ನೀನು ನಿಂತರೆ ಒಂದು ಕಡ್ಡಿ, ಸೈಕಲ್ ಹತ್ತಿದರೆ ಸ್ವಲ್ಪ ಉದ್ದದ ಕಡ್ಡಿ. ಹಿಂದಿನಿಂದ ಬರುವ ಒಬ್ಬನಿಗೂ ನೀನು ಕಾಣುತ್ತಿರಲಿಲ್ಲ. ಆ ಮನುಷ್ಯ ತನ್ನ ಗಾಡಿಯನ್ನು ನಿನ್ನ ಬೆನ್ನಿಗೆ ಗೋಡೆ ಮಾಡಿಕೊಂಡು ಬಂದ. ದೀಪ ಹಾಕಿದ್ದು ಹಿಂದಿನವರಿಗೆ ಕಾಣಲಿ ಅಂತ. ಹಾರ್ನ್ ಒತ್ತಿದ್ದು ನಿನಗಲ್ಲ ಮಾರಾಯ, ಅವರಿಗೆ. ನಲವತ್ತು ಟನ್ನಿನ ಗಾಡಿಯನ್ನು ಹದಿನಾಲ್ಕು ಕಿಲೋಮೀಟರ್ ನಿನ್ನ ಆಮೆ ಓಟದಲ್ಲಿ ಓಡಿಸಿದ್ದಕ್ಕೆ ಅವನ ದಿನ ಹಾಳಾಗಿರಬೇಕು. ನೀನು ಅವನಿಗೆ ಕಾಗದದ ಉಂಡೆ ಎಸೆದೆ.

ಪೊಲೀಸಿನವನು ಕೊಟ್ಟದ್ದು ಅವನು ಕುಡಿಯುವ ನೀರು. ಅದೂ ನಿನಗೆ ಗುದ್ದಿನ ಹಾಗೆ ಕಂಡಿತು. ನಗುತ್ತಾ ಕೊಟ್ಟರೆ ಮಾತ್ರ ಕೊಟ್ಟದ್ದು ಅಂತ ನಿನ್ನ ಲೆಕ್ಕ. ನಿನ್ನ ಕಾಲೇಜಿನಲ್ಲಿ ಶ್ಲೇಷೆ ಕಲಿಸಿದರು, ಮನುಷ್ಯರನ್ನು ಓದಲು ಕಲಿಸಲಿಲ್ಲ.

ಮತ್ತೆ ಫ್ರೀಡಾಳ ವಿಡಿಯೋ ಇನ್ನೊಮ್ಮೆ ನೋಡಿದೆ. ಸೀಟು ಎರಡು ಬೆರಳು ಮೇಲೆ ಮಾಡು. ಚಕ್ರ ನೋಡಬೇಡ, ದೂರ ನೋಡು. ಚಕ್ರ ಎಲ್ಲಿಗೂ ಓಡಿ ಹೋಗುವುದಿಲ್ಲ, ಅದು ನಿನ್ನ ಕಾಲ ಕೆಳಗೇ ಉಂಟು. ಎಡಗಡೆಯ ಪೆಡಲು ಸಡಿಲ, ನಾನು ಬಿಗಿ ಮಾಡಬೇಕು ಅಂತ ಇಟ್ಟಿದ್ದೆ. ಇದನ್ನು ಹೇಳುವುದು ನಿನ್ನ ಮೇಲಿನ ಪ್ರೀತಿಯಿಂದ ಅಲ್ಲ, ಸೈಕಲ್ ನನ್ನದು.

ಮರೀನಾ ಆ ಟ್ಯಾಂಗ್ ಕುಡಿಯುತ್ತಾಳೆ. ನಾನು ಮುಟ್ಟುವುದಿಲ್ಲ.

ಇಪ್ಪತ್ತೆಂಟು ನಿಜವಾ?

ಮೈಕಲ್


ಅಬ್ಬಾಸಿಯಾ
2 ಫೆಬ್ರವರಿ 2025

ಮೈಕಲಣ್ಣ,

ನಿಮ್ಮ ಕಾಗದ ಓದಿದ ಮೇಲೆ ಎರಡು ದಿನ ನನ್ನ ಬಾಯಿಗೆ ಒಂದೂ ಶ್ಲೇಷೆ ಬರಲಿಲ್ಲ. ಆಫೀಸಿನವರು ಜ್ವರವೇ ಎಂದು ಕೇಳಿದರು.

ಇಪ್ಪತ್ತೆಂಟು ನಿಜ. ಈಗ ತೊಂಬತ್ತೊಂಬತ್ತು.

ಮೊನ್ನೆ ಶುಕ್ರವಾರ ವಫ್ರಾ ಮುಟ್ಟಿದೆ. ಸವಾರಿ ಮುಗಿಯಿತು. ಕೊನೆಯ ಎರಡು ಶುಕ್ರವಾರ ಬಯ್ದವರನ್ನೆಲ್ಲ ನಿಮ್ಮ ಕಾಗದದ ಬೆಳಕಿನಲ್ಲಿ ನೋಡಿಕೊಂಡು ಹೋದೆ. ಯಾರಾದರೂ ಗದರಿದ ಕೂಡಲೇ ಇವರ ಕೈಯಲ್ಲಿ ಏನಿದೆ ಎಂದು ನೋಡುವುದು ಅಭ್ಯಾಸವಾಯಿತು.

ಜಹ್ರಾ ದಾಟಿದ ಮೇಲೆ ಮರುಭೂಮಿಯಲ್ಲಿ ಚಳಿಗಾಲದ ಡೇರೆಗಳು. ಒಂದು ಡೇರೆಯಿಂದ ಅಜ್ಜಿಯೊಬ್ಬರು ಕೋಲು ಎತ್ತಿ ಕೂಗುತ್ತ ಬಂದರು. ಮೊದಲಾಗಿದ್ದರೆ ಓಡುತ್ತಿದ್ದೆ. ನಿಂತೆ. ಕೋಲಿನಿಂದ ಸೈಕಲ್ಲನ್ನು ತಟ್ಟಿ, ನನ್ನ ತೋಳು ಹಿಡಿದು ಎಳೆದು ಡೇರೆಯಲ್ಲಿ ಕೂರಿಸಿದರು. ಅವರ ಡ್ರೈವರು ಉಡುಪಿ ಕಡೆಯ ಬ್ಯಾರಿ, ಅನುವಾದಿಸಿದ: "ಅಮ್ಮ ಕೇಳ್ತಾ ಇದ್ದಾರೆ, ನಿಮ್ಮ ಹೆಂಡತಿಗೆ ಗೊತ್ತುಂಟಾ?"

"ಮೈಸೂರಿನಲ್ಲಿದ್ದಾಳೆ, ಗೊತ್ತಿದೆ."

"ಗೊತ್ತಿದ್ದೂ ಬಿಟ್ಟಳಾ ಅಂತ ಕೇಳ್ತಾರೆ."

ನಾನು ಮಾಂಸ ತಿನ್ನುವುದಿಲ್ಲ ಎಂದಾಗ ಅಜ್ಜಿಗೆ ನಿಜವಾಗಿ ಸಿಟ್ಟು ಬಂತು. ಇಂಥವನನ್ನು ಒಂದೇ ಚಕ್ರದ ಮೇಲೆ ಕಳಿಸಿದ್ದಾರೆ ಎಂದು ಇಡೀ ಡೇರೆಗೆ ಸಾರಿದರು. ಬರೀ ಅನ್ನದ ಗುಡ್ಡ, ಮೇಲೆ ಮೊಸರು. ನಾನು ಉಣ್ಣುವವರೆಗೆ ಕೋಲು ಕೆಳಗಿಡಲಿಲ್ಲ. ಕರಪತ್ರವನ್ನು ಮಗನಿಂದ ಓದಿಸಿ ಕೇಳಿ, ಮೂರು ಗಂಡುಮಕ್ಕಳ ಕಡೆಗೂ ಅದೇ ಕೋಲು ತೋರಿಸಿದರು. ಭಾನುವಾರ ಮೂವರೂ ಜಬ್ರಿಯಾಕ್ಕೆ ಹೋಗಿ ಕೊಟ್ಟು ಬಂದಿದ್ದಾರೆ. ಪಟ್ಟಿಯಲ್ಲಿ ಅರವತ್ತೊಂದು, ಅರವತ್ತೆರಡು, ಅರವತ್ತಮೂರು.

ವಫ್ರಾದ ಹತ್ತಿರ ನೀವು ಹೇಳಿದ ಎಡಗಡೆಯ ಪೆಡಲು ಕಳಚಿಬಿತ್ತು. ನಾನು ಬಿಗಿ ಮಾಡಿರಲಿಲ್ಲ, ಒಪ್ಪಿಕೊಳ್ಳುತ್ತೇನೆ. ತೋಟದ ಪಂಪು ರಿಪೇರಿ ಮಾಡುವ ಒಬ್ಬ ಬಾಂಗ್ಲಾದ ಮನುಷ್ಯ ಬಂದವನೇ ನನ್ನ ಕೈಯಿಂದ ಸೈಕಲ್ ಕಿತ್ತುಕೊಂಡು ನಡೆದೇಬಿಟ್ಟ. ಕದ್ದ ಮಾಲು ಕಳವಾಗಿ ಹೋಗುವಾಗ ಕಳ್ಳನಿಗೆ ಏನನ್ನಿಸುತ್ತದೆ ಎಂದು ತಿಳಿಯಿತು. ಹಿಂದೆ ಓಡಿದರೆ, ಅವನು ಶೆಡ್ಡಿನಲ್ಲಿ ಕೂತು ಪೆಡಲು ಕೂರಿಸುತ್ತಿದ್ದ. ಮಾತಿಲ್ಲ, ನಗುವಿಲ್ಲ. ಮುಗಿಸಿ, ಒಂದು ಚೀಲ ಸೌತೆಕಾಯಿ ನನ್ನ ಕೊರಳಿಗೆ ನೇತುಹಾಕಿದ. ಬೇಡವೆಂದರೆ ಹುಬ್ಬು ಗಂಟು ಹಾಕಿದ. ಆ ಭಾರಕ್ಕೆ ಅರ್ಧ ಕಿಲೋಮೀಟರಿನಲ್ಲಿ ಬಿದ್ದೆ, ಸೌತೆಕಾಯಿಯ ಮೇಲೆಯೇ ಬಿದ್ದದ್ದರಿಂದ ಬದುಕಿದೆ. ಗೆರೆ ದಾಟಿದಾಗ ಮೈಯೆಲ್ಲ ಬೀಜ.

ನಾಲ್ಕು ಶುಕ್ರವಾರ, ಇನ್ನೂರು ಕಿಲೋಮೀಟರ್, ಹತ್ತೊಂಬತ್ತು ಪತನ. ಒಂದು ತೊಟ್ಟು ರಕ್ತ ಹೊರಬಂದಿಲ್ಲ. ನೂರನೆಯವರು ಇವತ್ತೋ ನಾಳೆಯೋ ಸಿಗುತ್ತಾರೆ.

ಟ್ರೇಲರಿನವನನ್ನು ಹುಡುಕಿ ಎರಡು ಸಲ ಸಾಲ್ಮಿ ರಸ್ತೆಗೆ ಹೋದೆ, ಸಿಗಲಿಲ್ಲ. ಹೆಸರಾದರೂ ಕೇಳಬೇಕಿತ್ತು.

ಶ್ಯಾಮ


ಕಿನ್ನಿಗೋಳಿ
10 ಫೆಬ್ರವರಿ 2025

ಶ್ಯಾಮ,

ಮರೀನಾ ನಿನ್ನ ಕಾಗದ ಗಟ್ಟಿಯಾಗಿ ಓದಿದಳು. ಅಜ್ಜಿಯ ಕೋಲಿನ ಜಾಗ ಬಂದಾಗ ನಾನು ಬಚ್ಚಲಿಗೆ ಹೋದೆ. ನಗುವುದು ನೋಡಿದರೆ ಸಿಟ್ಟು ಇಳಿಯಿತು ಅಂತ ಅವಳು ತಿಳಿಯುತ್ತಾಳೆ. ಇಳಿದಿಲ್ಲ.

ಒಂದು ವಿಷಯ ನಾನೂ ಮುಚ್ಚಿಟ್ಟಿದ್ದೆ. 2022ರಿಂದ ನನ್ನ ಬಲಗಡೆಯ ಮೊಣಕಾಲು ಹೋಗಿದೆ. ಡಾಕ್ಟರು ಮೆಟ್ಟಿಲೇ ಹತ್ತಬೇಡ ಅಂದಿದ್ದರು. ನಿನಗೆ ಹೇಳಲಿಲ್ಲ, ಮರೀನಾಳಿಗೂ ಹೇಳಲಿಲ್ಲ. ಬರುವ ವರ್ಷ ಹೊರಡುತ್ತೇನೆ, ಬರುವ ವರ್ಷ ಹೊರಡುತ್ತೇನೆ ಅಂತ ಎಣ್ಣೆ ಹಾಕುತ್ತಾ ಕೂತೆ. ಇಕಾಮಾ ರದ್ದಾದಾಗ ಎಲ್ಲರೂ ಅಯ್ಯೋ ಅಂದರು. ನನಗೆ ಒಳಗೆ ಒಂದು ನೆಪ ಸಿಕ್ಕಿದ ಹಾಗಾಗಿತ್ತು. ಆ ನೆಪವನ್ನು ನೀನು ಪೆಟ್ಟಿಗೆಯಿಂದ ತೆಗೆದದ್ದಕ್ಕೆ ನನಗೆ ಹೆಚ್ಚು ಸಿಟ್ಟು ಬಂದದ್ದು.

ಈಗ ನನ್ನ ಷರತ್ತು. ನೂರನೆಯದು ಇವತ್ತೋ ನಾಳೆಯೋ ಸಿಗುವ ಯಾರೋ ಬೇಡ. ಫೆಬ್ರವರಿ 24, ಸೋಮವಾರ, ಆಪರೇಷನ್ನಿಗೆ ಹತ್ತು ವರ್ಷ. ಅವತ್ತು ನೀನು ಹೋಗಿ ಮಲಗು. ಅವತ್ತು ಕೊಟ್ಟವರಲ್ಲಿ ನನಗೆ ಮುಖ ಗೊತ್ತಿರುವವನು ನೀನು ಒಬ್ಬನೇ. ನೀನು ಇನ್ನೊಮ್ಮೆ ಕೊಟ್ಟರೆ ಹರಕೆ ನನ್ನ ಮನೆಯೊಳಗೇ ಮುಗಿದ ಹಾಗೆ. ಆಗ ಸೈಕಲ್ಲಿನ ಕಳ್ಳತನವನ್ನೂ ಬಿಡುತ್ತೇನೆ.

ಅವತ್ತು ಬೆಳಿಗ್ಗೆ ಅನ್‌ಬ್ಲಾಕ್ ಮಾಡಿರುತ್ತೇನೆ. ಮಂಚದಿಂದ ಫೋಟೋ ಕಳಿಸು. ಕಳಿಸದಿದ್ದರೆ ಸಾಯಂಕಾಲ ವಾಪಸ್ ಬ್ಲಾಕ್, ಮತ್ತೆ ನಿನ್ನ ಕಾಗದವೂ ಬೇಡ.

ಮೈಕಲ್


ಕಿನ್ನಿಗೋಳಿ
26 ಫೆಬ್ರವರಿ 2025

ಪ್ರೀತಿಯ ಶ್ಯಾಮ,

ಫೋಟೋ ಬಂತು. ಮರೀನಾ ಅದನ್ನು ದೊಡ್ಡದು ಮಾಡಿ ಮಾಡಿ ನೋಡಿದಳು, ಆಮೇಲೆ ಅಲ್ತಾರಿನ ಮುಂದೆ ಫೋನ್ ಇಟ್ಟು ಮೇಣದಬತ್ತಿ ಹಚ್ಚಿದಳು. ನೂರು. ನನಗೆ ಬರೆಯಲು ಬರುವುದಿಲ್ಲ, ನಿನ್ನ ಹಾಗೆ ಮಾತು ಇಲ್ಲ.

ಒಂದು ಸಂಶಯ. ನಿನ್ನ ಕೈಗೆ ಇಷ್ಟು ಕೂದಲು ಯಾವಾಗ ಬಂತು ಮಾರಾಯ? ಎಷ್ಟು ದಪ್ಪ ಆಗಿದೆ ಕೈ. ಒಂಟಿಚಕ್ರ ತುಳಿದರೆ ಕಾಲು ಗಟ್ಟಿ ಆಗುವುದು ಗೊತ್ತಿತ್ತು, ಕೈಯೂ ಆಗುತ್ತದೆ ಅಂತ ಗೊತ್ತಿರಲಿಲ್ಲ.

ನಮ್ಮ ನೆರೆಮನೆಯ ಲವಿಟಾ ನಾಳೆ ಕುವೈತಿಗೆ ಬರುತ್ತಾಳೆ. ಈಸ್ಟರಿಗೆ ಮುಂಚಿನ ತಪಸ್ಸುಕಾಲ ಶುರುವಾಗುವ ಮೊದಲು ಅಂತ ಮರೀನಾ ಎರಡು ದಿನ ಒಲೆ ಮುಂದೆ ಕೂತು ಕುಸ್ವಾರ್ ಮಾಡಿದ್ದಾಳೆ, ಕ್ರಿಸ್‌ಮಸ್ ಅಲ್ಲದಿದ್ದರೂ. ಹತ್ತನೆಯ ಡಬ್ಬಿ, ನೀನು ಕರ್ಜಿಕಾಯಿ ಅನ್ನುವ ನೆವ್ರಿ ನಿನಗೆ ಇಷ್ಟ ಅಂತ ಜಾಸ್ತಿ ಹಾಕಿದ್ದಾಳೆ. ಮೇಲೆ ಬರೆದದ್ದು ಹಳೆಯದೇ.

ಸೈಕಲ್ ನಿನ್ನ ಹತ್ತಿರವೇ ಇರಲಿ.

ನಿನ್ನ,
ಮೈಕಲ್


ಅಬ್ಬಾಸಿಯಾ
4 ಮಾರ್ಚ್ 2025

ಮೈಕಲಣ್ಣ, ಮರೀನಕ್ಕ,

ಈಗ ವಾಟ್ಸಾಪ್ ತೆರೆದಿದೆ, ಅಲ್ಲಿಯೇ ಹೇಳಬಹುದಿತ್ತು. ಆದರೆ ಅಲ್ಲಿ ನೀವು ಓದಿದ ಕ್ಷಣಕ್ಕೆ ಎರಡು ನೀಲಿ ಗೆರೆ ಬೀಳುತ್ತವೆ. ಕಾಗದಕ್ಕೆ ಆ ತೊಂದರೆ ಇಲ್ಲ. ನೀವು ಓದುವ ಹೊತ್ತಿಗೆ ನಾನು ಯಾವುದೋ ಏಸಿ ಕೊಳವೆಯ ನಕ್ಷೆಯ ಹಿಂದೆ ಅಡಗಿರುತ್ತೇನೆ.

ಫೋಟೋದಲ್ಲಿರುವ ಕೈ ನನ್ನದಲ್ಲ.

ಸೋಮವಾರ ಹೋದೆ. ಕುರ್ಚಿಯಲ್ಲಿ ಕೂತೆ. ನರ್ಸು ಬೆರಳ ತುದಿಗೆ ಚುಚ್ಚಿ ಒಂದು ಹನಿ ತೆಗೆದು ನೋಡುತ್ತಾರಲ್ಲ, ರಕ್ತ ಸಾಕಷ್ಟು ಗಟ್ಟಿಯಿದೆಯೇ ಎಂದು? ಆ ಹನಿ ಕಂಡದ್ದಷ್ಟೇ ನೆನಪು. ಎಚ್ಚರವಾದಾಗ ನೆಲದ ಮೇಲಿದ್ದೆ. ಯಾರೋ ನನ್ನ ಎರಡೂ ಕಾಲುಗಳನ್ನು ಮೇಲೆತ್ತಿ ಹಿಡಿದುಕೊಂಡು ಬಯ್ಯುತ್ತಿದ್ದರು. ದನಿ ಪರಿಚಯದ್ದು. ಕೆಂಪು ಗಡ್ಡ.

"ಅರೇ ಪಾಗಲ್, ತೂ ಫಿರ್ ಗಿರ್ ಗಯಾ?" ಎಂದ. ಮತ್ತೆ ಬಿದ್ದೆಯಾ ಎಂದು. ಅವನ ಜೇಬಿನಲ್ಲಿ ನಾನು ಉಂಡೆ ಮಾಡಿ ಎಸೆದ ಕರಪತ್ರ, ಮಡಿಕೆ ಮಡಿಕೆಯಾಗಿ. ಹೆಸರು ಶೇರ್ ಜಮಾನ್. ರಮ್ಜಾನಿಗೆ ಮುಂಚೆ ಕೊಟ್ಟುಬಿಡೋಣ ಎಂದು ಒಂದು ದಿನ ಗಾಡಿ ನಿಲ್ಲಿಸಿ ಬಂದಿದ್ದ. ನರ್ಸು ನನಗೆ ಇವತ್ತು ಆಗುವುದಿಲ್ಲ ಎಂದರು. ಶೇರ್ ಜಮಾನ್ ನನ್ನ ಕುರ್ಚಿಯಲ್ಲಿ ಕೂತು, ಅಂಗಿಯ ತೋಳು ಮಡಿಸಿ, ಕೈ ಚಾಚಿದ. ನಾನು ಕಣ್ಣು ಮುಚ್ಚಿಕೊಂಡು ಆ ತೋಳಿನ ಫೋಟೋ ತೆಗೆದೆ. ಮುಖ ಬರದ ಹಾಗೆ ಕತ್ತರಿಸಿ ನಿಮಗೆ ಕಳಿಸಿದೆ. ಬೆಳಿಗ್ಗೆಯಿಂದ ನಿಮ್ಮ ಹೆಸರಿನ ಪಕ್ಕ ನಿಮ್ಮ ಫೋಟೋ ಮತ್ತೆ ಕಾಣುತ್ತಿತ್ತು. ಅದು ಸಾಯಂಕಾಲ ಹೋಗಬಾರದು ಎಂದಷ್ಟೇ ಯೋಚಿಸಿದೆ.

ಇಷ್ಟಾದರೆ ಕ್ಷಮಿಸಬಹುದಿತ್ತು. ಇನ್ನೂ ಇದೆ.

ಹತ್ತು ವರ್ಷದ ಹಿಂದೆಯೂ ಹೀಗೆಯೇ ಆಗಿತ್ತು. ಅದೇ ಬೆರಳು, ಅದೇ ಹನಿ, ಅದೇ ನೆಲ. ನನ್ನ ಹಿಂದೆ ಸಾಲಿನಲ್ಲಿ ಒಬ್ಬ ಈಜಿಪ್ಟಿನವನಿದ್ದ, ರೊಟ್ಟಿ ಹಂಚುವ ವ್ಯಾನಿನವನು, ತೋಳಿನ ಮೇಲೆ ಹಿಟ್ಟು. "ಈ ಬಾಟಲಿ ಯಾರಿಗೆ?" ಎಂದು ಕೇಳಿದ. ಮರೀನಕ್ಕನ ಹೆಸರು ಹೇಳಿದೆ. ನನ್ನ ಜಾಗದಲ್ಲಿ ಅವನು ಕೊಟ್ಟ. ಕೊಟ್ಟು ಎದ್ದಾಗ, ನರ್ಸು ತನಗೆ ಕೊಟ್ಟ ಕಿತ್ತಳೆ ಜ್ಯೂಸನ್ನು ನನ್ನ ಕೈಗಿಟ್ಟು, ನಿನಗೇ ಹೆಚ್ಚು ಬೇಕು ಎಂದು ಹೊರಟುಹೋದ. ಆಗ ಬಾಗಿಲು ತೆರೆದು ನೀವು ಬಂದಿರಿ, ಮೈಕಲಣ್ಣ. ನಾನು ಬೆಂಚಿನ ಮೇಲೆ ಒರಗಿದ್ದೆ. ಬೆರಳಿಗೆ ಹತ್ತಿ, ಕೈಯಲ್ಲಿ ಜ್ಯೂಸು, ಮುಖ ಬಿಳಿ. ನೀವು ನನ್ನನ್ನು ತಬ್ಬಿಕೊಂಡು ಅತ್ತಿರಿ. ಹನ್ನೊಂದು ವರ್ಷದಲ್ಲಿ ನೀವು ಅತ್ತದ್ದು ಅದೊಂದೇ ಸಲ. ಆ ಕ್ಷಣದಲ್ಲಿ ಇಲ್ಲ ಎನ್ನುವ ಮಾತು ಬಾಯಿಗೆ ಬರಲಿಲ್ಲ. ಆ ಕ್ರಿಸ್‌ಮಸ್ಸಿಗೆ ಮೊದಲ ಡಬ್ಬಿ ಬಂತು. ಡಬ್ಬಿ ತೆರೆದ ಮೇಲೆ ಹೇಳುವುದು ಹೇಗೆ? ಒಂಬತ್ತು ಬಾಟಲಿಯಲ್ಲಿ ಇಲ್ಲದವನು ಒಂಬತ್ತು ಡಬ್ಬಿ ತಿಂದ. ಮರೀನಕ್ಕ, ನಿಮ್ಮ ರಕ್ತದ ತಮ್ಮ ಮೊದಲಿನಿಂದಲೂ ವಿರಕ್ತ.

ಸೈಕಲ್ ಕದ್ದದ್ದು ಅದಕ್ಕೇ. ಪೆಟ್ಟಿಗೆ ಅರ್ದಿಯಾದಲ್ಲಿ ತಕ್ಕಡಿಯ ಮೇಲೆ ಕೂತಾಗ, ಇದು ಹೋದರೆ ನಾನು ತೀರಿಸುವುದು ಯಾವಾಗ ಎನ್ನಿಸಿತು. ನನ್ನಲ್ಲಿ ಕೊಡಲು ರಕ್ತ ಇರಲಿಲ್ಲ, ಕಾಲಿತ್ತು. ಒಂದು ತೊಟ್ಟೂ ಹೊರಬರಲಿಲ್ಲ ಎಂದು ಎರಡು ಕಾಗದದಲ್ಲಿ ಜಂಬ ಕೊಚ್ಚಿದೆನಲ್ಲ, ಅದು ಅಕ್ಷರಶಃ ನಿಜ. ಬೆರಳ ತುದಿಯ ಆ ಹನಿ ಬಿಟ್ಟರೆ, ಹತ್ತು ವರ್ಷದಿಂದ ನಿಜ.

ಹರಕೆ ನಿಮ್ಮ ಮನೆಯೊಳಗೇ ಮುಗಿಯಲಿ ಎಂದು ಬಯಸಿದಿರಿ. ಹಾಗಾಗಲಿಲ್ಲ. ಅವತ್ತಿನ ಒಂಬತ್ತೂ ಜನ ನಿಮ್ಮ ಗುರುತಿನವರಲ್ಲ, ನೂರನೆಯವನೂ ಅಲ್ಲ. ಮುಖ ಗೊತ್ತಿರುವವನು ಒಬ್ಬನಿದ್ದ, ಅವನು ನೆಲದ ಮೇಲಿದ್ದ.

ಬ್ಲಾಕ್ ಮಾಡುವುದಾದರೆ ಮಾಡಿ. ಸೈಕಲ್ಲನ್ನು ಈ ಸಲ ನಿಜವಾಗಿ ಕಾರ್ಗೋಗೆ ಹಾಕಿದ್ದೇನೆ, ರಸೀದಿ ಜೊತೆಗಿದೆ. ಎಡಗಡೆಯ ಪೆಡಲು ಬಿಗಿಯಾಗಿದೆ.

ಹತ್ತನೆಯ ಡಬ್ಬಿ ಲವಿಟಾ ತಂದುಕೊಟ್ಟಳು. ಅದು ನನ್ನದಲ್ಲ ಎಂದು ನನಗೆ ಗೊತ್ತಿತ್ತು. ನಿನ್ನೆ ಸಂಜೆ ಶೇರ್ ಜಮಾನ್ ಉಪವಾಸ ಬಿಡುವ ಹೊತ್ತಿಗೆ ಸರಿಯಾಗಿ ಅವನ ಗಾಡಿಯ ಬಳಿ ಹೋಗಿ ಕೊಟ್ಟೆ. ಮೇಲೆ ಬರೆದದ್ದು ಏನು ಎಂದು ಕೇಳಿದ, ಓದಿ ಹೇಳಿದೆ. ಯಾಕೆ ಇಷ್ಟು ತಡವಾಗಿ ತಂದೆ, ಚಹಾ ಆರಿತು ಎಂದು ಬಯ್ದ. ಹತ್ತು ವರ್ಷದಲ್ಲಿ ಮೊದಲ ಬಾರಿಗೆ ಒಂದು ಡಬ್ಬಿ ಸರಿಯಾದ ಮನುಷ್ಯನ ಕೈಗೆ, ತೆರೆಯದೆ, ಮುಟ್ಟದೆ, ದಾರ ಬಿಚ್ಚದೆ ತಲುಪಿತು. ಇಷ್ಟನ್ನಾದರೂ ನಾನು ತಲೆಯೆತ್ತಿ ಹೇಳಬಲ್ಲೆ.

ದಾರವನ್ನು ಮತ್ತೆ ಕಟ್ಟಿದ್ದು ನಾನು. ಅವನಿಗೆ ತಲುಪಿದ ಡಬ್ಬಿಯಲ್ಲಿ ನೆವ್ರಿ ಇರಲಿಲ್ಲ.

ಶ್ಯಾಮ